ಧರೆ ಕಡಿದ ಜಾಗದಲ್ಲಿ ಹೊಸ ಕೈತೋಟ: ಮೊದಲ ವರ್ಷದ ಹುಳ, ಕಳೆ, ಹುಲ್ಲುಹಾಸಿನ ದಾಖಲೆ

ಜಾಗ: ತೀರ್ಥಹಳ್ಳಿ ತಾಲೂಕು. ಇಳಿಜಾರಿನ ಧರೆ ಕಡಿದು ಮಟ್ಟ ಮಾಡಿ ಕಟ್ಟಿದ ಮನೆ, ಸುತ್ತ ಮೂರು ಗುಂಟೆ ಖಾಲಿ. ಮುಂಭಾಗದಲ್ಲಿ ಸುಮಾರು 600 ಚದರ ಅಡಿ ಹುಲ್ಲುಹಾಸು, ಅದರ ಅಂಚಿಗೆ ಹೂವಿನ ಪಾತಿ, ಹಿತ್ತಲಲ್ಲಿ ತರಕಾರಿ ಮತ್ತು ಕೆಲವು ಹಣ್ಣಿನ ಗಿಡ. ಒಂದು ಮಗ್ಗುಲಿಗೆ ಅಡಿಕೆ ತೋಟ, ಇನ್ನೊಂದಕ್ಕೆ ಗದ್ದೆ, ಹಿಂದೆ ಸೊಪ್ಪಿನ ಬೆಟ್ಟ. ಮೇಲ್ಮಣ್ಣೆಲ್ಲ ಜೆಸಿಬಿ ಬಾಯಿಗೆ ಹೋಗಿ, ಉಳಿದಿರುವುದು ಜಂಬಿಟ್ಟಿಗೆ ಪದರ. ಅದರ ಮೇಲೆ ಹೊರಗಿನಿಂದ ತರಿಸಿದ ಎರಡು ಟಿಪ್ಪರ್ ಕೆಮ್ಮಣ್ಣು, ಒಂದು ಟ್ರ್ಯಾಕ್ಟರ್ ಕೊಟ್ಟಿಗೆ ಗೊಬ್ಬರ. ಮಲೆನಾಡಿನಲ್ಲಿ ಈಗ ಏಳುತ್ತಿರುವ ಹೊಸ ಮನೆಗಳ ಅಂಗಳ ಬಹುಪಾಲು ಇದೇ ತರಹ.

ಇಂಥ ಜಾಗದಲ್ಲಿ ಮೊದಲ ವರ್ಷ ಕಾಣಿಸಿಕೊಳ್ಳುವ ಕಾಟದಲ್ಲಿ ಹಾರಿ ಬಂದದ್ದು ಕಮ್ಮಿ. ಟಿಪ್ಪರಿನಲ್ಲಿ, ಗೊಬ್ಬರದಲ್ಲಿ, ನರ್ಸರಿಯ ಕವರ್ ಮಣ್ಣಿನಲ್ಲಿ ಸವಾರಿ ಮಾಡಿ ಬಂದದ್ದೇ ಜಾಸ್ತಿ. ಉಳಿದದ್ದು ನೀರು ಹೋಗಲು ದಾರಿಯಿಲ್ಲದೆ ಹುಟ್ಟಿಕೊಂಡದ್ದು. ಆದ್ದರಿಂದ ಔಷಧಿ ಅಂಗಡಿಗೆ ಹೊರಡುವ ಮೊದಲು ಮೂರು ಸಂಗತಿ ಬರೆದಿಟ್ಟುಕೊಳ್ಳಬೇಕು: ಹಾನಿ ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಅಥವಾ ಯಾವ ಮಳೆಯ ನಂತರ, ಮತ್ತು ಹಾನಿ ಮಾಡಿದ್ದು ಅಲ್ಲಿ ಏನನ್ನು ಬಿಟ್ಟುಹೋಗಿದೆ. ಹಿಕ್ಕೆ, ಅಂಟು, ಸಿಂಬಳದ ಗೆರೆ, ಪೊರೆ, ಮಣ್ಣಿನ ಗೂಡು, ಏನಾದರೂ ಒಂದು ಇದ್ದೇ ಇರುತ್ತದೆ. ಈ ಮೂರು ಗೊತ್ತಾದರೆ ಹುಳ ಕಣ್ಣಿಗೆ ಬೀಳದಿದ್ದರೂ ಹೆಸರು ಹೇಳಬಹುದು.

ಬೇಕಾದ ಸಾಮಾನು: ಒಳ್ಳೆಯ ಟಾರ್ಚು, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ಬಿಳಿ ಹಾಳೆ, ಗುದ್ದಲಿ, ಉದ್ದನೆಯ ಸ್ಕ್ರೂಡ್ರೈವರ್, ಪಾತ್ರೆ ತೊಳೆಯುವ ದ್ರವ ಸೋಪು, ಸ್ವಲ್ಪ ವಿನೆಗರ್, ರಬ್ಬರ್ ಕೈಗವಸು, ಮುಚ್ಚಳವಿರುವ ಬಕೆಟ್ಟು.

ಏಪ್ರಿಲ್: ಮಣ್ಣು ಇಳಿಸುವ ಹೊತ್ತಿಗೇ

ಟಿಪ್ಪರ್ ಮಣ್ಣನ್ನು ಸೀದಾ ಹರಡಬೇಡಿ. ಪ್ರತಿ ಲೋಡಿನ ನಾಲ್ಕು ಕಡೆಯಿಂದ ಒಂದೊಂದು ಬುಟ್ಟಿ ತೆಗೆದು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ನೋಡಬೇಕು. ಹುಡುಕಬೇಕಾದದ್ದು ಮುಖ್ಯವಾಗಿ ಮೂರು.

ಮೊದಲನೆಯದು ಕೊನ್ನಾರಿ ಗೆಡ್ಡೆ. ಕಪ್ಪು ಸಿಪ್ಪೆಯ, ಗೀರಿದರೆ ಒಳಗೆ ಬಿಳಿಯಾಗಿ ಪರಿಮಳ ಬರುವ ಸಣ್ಣ ಗೆಡ್ಡೆಗಳು ತೆಳು ಬೇರಿನಲ್ಲಿ ಸಾಲಾಗಿ ಇರುತ್ತವೆ. ಮೊಳೆತ ಮೇಲೆ ಹುಲ್ಲಿನ ನಡುವೆ ಗುರುತಿಸುವುದು ಸುಲಭ: ಹೂದಂಡನ್ನು ಎರಡು ಬೆರಳ ನಡುವೆ ಉರುಳಿಸಿದರೆ ಮೂರು ಮೂಲೆ ತಾಗುತ್ತವೆ, ಹುಲ್ಲಿನ ದಂಟು ಹಾಗೆ ತಾಗದು. ಹುಲ್ಲು ಕತ್ತರಿಸಿದ ಎರಡೇ ದಿನಕ್ಕೆ ಉಳಿದ ಹುಲ್ಲಿಗಿಂತ ಎತ್ತರಕ್ಕೆ ಎದ್ದು ನಿಲ್ಲುವ ಹಳದಿ ಮಿಶ್ರಿತ ಹಸಿರಿನ ಗರಿ ಕಂಡರೆ ಅದು ಇದೇ. ಒಂದು ಬುಟ್ಟಿಯಲ್ಲಿ ನಾಲ್ಕೈದು ಗೆಡ್ಡೆ ಸಿಕ್ಕರೆ ಆ ಲೋಡು ಹುಲ್ಲುಹಾಸಿನ ಜಾಗಕ್ಕೆ ಬೇಡವೇ ಬೇಡ. ಧರೆಯ ಬುಡಕ್ಕೋ ದಾರಿಯ ಕೆಳಗೋ ತುಂಬಿಸಿಬಿಡಿ. ಏಪ್ರಿಲ್, ಮೇ ಬಿಸಿಲಿಗೆ ಪಾರದರ್ಶಕ ಪಾಲಿಥಿನ್ ಹೊದಿಸಿ ಒದ್ದೆ ಮಣ್ಣನ್ನು ನಾಲ್ಕರಿಂದ ಆರು ವಾರ ಬೇಯಿಸುವ ಉಪಾಯಕ್ಕೆ ಉಳಿದ ಕಳೆಯ ಬೀಜ ಸಾಕಷ್ಟು ಸಾಯುತ್ತದೆ, ಆಳದಲ್ಲಿರುವ ಕೊನ್ನಾರಿ ಸಾಯುವುದಿಲ್ಲ. ಗ್ಲೈಫೋಸೇಟ್ ಹೊಡೆದುಬಿಡಿ ಎನ್ನುವವರು ಸಿಗುತ್ತಾರೆ. ಅದು ಹುಲ್ಲನ್ನೂ ಸೇರಿಸಿ ಕೊಲ್ಲುತ್ತದೆ, ಜೊತೆಗೆ 2022ರ ಅಕ್ಟೋಬರಿನಿಂದ ಅದರ ಬಳಕೆಯನ್ನು ಕೇಂದ್ರ ಸರ್ಕಾರ ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತ ಮಾಡಿದೆ. ಮೊಳಕೆ ಬಂದ ಎರಡು ಮೂರು ವಾರದೊಳಗೆ, ಹೊಸ ಗೆಡ್ಡೆ ಕಟ್ಟುವ ಮೊದಲು, ಗೆಡ್ಡೆ ಸಮೇತ ಕಿತ್ತು ಕಿತ್ತು ಸೋಲಿಸುವುದೇ ದಾರಿ.

ಎರಡನೆಯದು ಬಸವನಹುಳದ ಮೊಟ್ಟೆ. ತಿಳಿಹಳದಿ, ನಾಲ್ಕೈದು ಮಿಲಿಮೀಟರ್ ಅಡ್ಡಳತೆ, ನೂರಾರು ಒಂದೇ ಗೂಡಿನಲ್ಲಿ. ಗೊಬ್ಬರದ ಗುಳಿಗೆಯೆಂದು ತಿಳಿದು ಹಾಗೇ ಹರಡಿದವರಿದ್ದಾರೆ. ಬೆರಳಲ್ಲಿ ಒತ್ತಿದರೆ ಸಣ್ಣಗೆ ಚಿಪ್ಪು ಒಡೆಯುತ್ತದೆ.

ಮೂರನೆಯದು ಗೊಣ್ಣೆಹುಳು, ಇದು ಮಣ್ಣಿಗಿಂತ ಗೊಬ್ಬರದಲ್ಲಿ ಹೆಚ್ಚು. ಇಂಗ್ಲಿಷಿನ ‘ಸಿ’ ಅಕ್ಷರದ ಹಾಗೆ ಬಾಗಿದ, ಕಂದು ತಲೆಯ, ಆರು ಕಾಲಿನ ಬಿಳಿ ಹುಳ ಕಂಡ ತಕ್ಷಣ ಇಡೀ ಗೊಬ್ಬರ ಕೆಟ್ಟಿತೆಂದು ಗಾಬರಿ ಬೀಳುವುದು ಬೇಡ, ಎಲ್ಲವೂ ಒಂದೇ ಜಾತಿಯಲ್ಲ. ಒಂದನ್ನು ಸಿಮೆಂಟು ನೆಲದ ಮೇಲೆ ಬಿಟ್ಟು ನೋಡಿ. ಕಾಲು ಮೇಲೆ ಮಾಡಿ ಬೆನ್ನ ಮೇಲೆ ತೆವಳಿ ಹೋದರೆ ಅದು ಹೂದುಂಬಿಯ ಮರಿ. ಕೊಳೆತದ್ದನ್ನು ತಿನ್ನುತ್ತದೆ, ಬೇರಿನ ತಂಟೆಗೆ ಹೋಗದು. ಗೊಬ್ಬರಕ್ಕೆ ಒಳ್ಳೆಯದೇ. ಹೆಬ್ಬೆರಳ ಗಾತ್ರದ, ಆರೇಳು ಸೆಂಟಿಮೀಟರ್ ಉದ್ದದ ಮರಿ ತಿಪ್ಪೆಯಲ್ಲಿ ಸಿಕ್ಕರೆ ಹೆಚ್ಚಾಗಿ ಅದು ಕುರುವಾಯಿ ದುಂಬಿಯದು. ಅದೂ ಹುಲ್ಲು ತಿನ್ನುವುದಿಲ್ಲ, ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುತ್ತದೆ. ಬಿಚ್ಚಿದ ಗರಿಯಲ್ಲಿ ಕತ್ತರಿಯಲ್ಲಿ ಕತ್ತರಿಸಿದಂಥ ತ್ರಿಕೋನ ಗಾಯ ಅದರ ಸಹಿ. ಆರಿಸಿ ತೆಗೆಯಲೇಬೇಕು. ಮಗ್ಗುಲಲ್ಲಿ ಮಲಗಿ ಒದ್ದಾಡಿ ಮಣ್ಣಿನೊಳಗೆ ನುಸುಳಲು ನೋಡುವ ಮಧ್ಯಮ ಗಾತ್ರದ್ದು ಬೇರುಹುಳ. ಅಡಿಕೆ ತೋಟದವರಿಗೆ ಚೆನ್ನಾಗಿ ಗೊತ್ತಿರುವ ಪಿಡುಗು, ಹುಲ್ಲುಹಾಸಿಗೂ ಅದೇ ಶತ್ರು. ಇದರ ಮಾತು ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತದೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಮುಷ್ಟಿಯಲ್ಲಿ ಹಿಡಿದರೆ ಬಿಸಿ ಇರಬಾರದು, ಸಗಣಿಯ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರಬೇಕು, ಹುಲ್ಲಿನ ಎಳೆ ಗುರುತು ಸಿಗಬಾರದು. ಹಸಿ ಗೊಬ್ಬರ ಹಾಕಿದರೆ ಮುಂಗಾರಿನ ಮೊದಲ ಮಳೆಗೆ ಎದ್ದ ದುಂಬಿಗಳೆಲ್ಲ ಮೊಟ್ಟೆಯಿಡಲು ಅಲ್ಲಿಗೇ ಬರುತ್ತವೆ.

ಗೋಡೆ ಬುಡದ ಪರೀಕ್ಷೆ. ಮನೆಯ ಸುತ್ತ ಎರಡು ಮೂರು ಅಡಿ ಅಗಲಕ್ಕೆ ಮೇಸ್ತ್ರಿಗಳು ಬಿಟ್ಟುಹೋದ ಸಿಮೆಂಟು, ಗಾರೆ, ಸುಣ್ಣದ ಪುಡಿ ಹೂತಿರುತ್ತದೆ. ಮಣ್ಣಿನ ಮೇಲೆ ವಿನೆಗರ್ ನಾಲ್ಕು ಹನಿ ಬಿಡಿ. ಬುಸುಗುಟ್ಟಿ ನೊರೆ ಬಂದರೆ ಅಲ್ಲಿ ಸುಣ್ಣ ಹೆಚ್ಚಿದೆ. ಆ ಪಟ್ಟಿಯಲ್ಲಿ ನೆಟ್ಟ ಕೇಪಳದ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಇದು ರೋಗವೂ ಅಲ್ಲ, ಹುಳವೂ ಅಲ್ಲ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗದ ಸ್ಥಿತಿ. ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಕೊರತೆ ಎಂದರೆ ನಂಬುವುದು ಕಷ್ಟ, ಆದರೆ ಗೋಡೆ ಬುಡದಲ್ಲಿ ಆಗುವುದು ಅದೇ. ಒಂದೂವರೆ ಅಡಿ ಆಳಕ್ಕೆ ಆ ಮಣ್ಣು ತೆಗೆದುಹಾಕಿ ಬೇರೆ ತುಂಬಿಸುವುದೊಂದೇ ಶಾಶ್ವತ ಪರಿಹಾರ.

ಉಳಿದ ಜಾಗದ ಕಥೆ ಇದಕ್ಕೆ ತದ್ವಿರುದ್ಧ. ಜೋರು ಮಳೆಗೆ ಸುಣ್ಣದಂಶವೆಲ್ಲ ತೊಳೆದುಹೋದ ಹುಳಿ ಮಣ್ಣು. ಮಣ್ಣು ಪರೀಕ್ಷೆಯಲ್ಲಿ ರಸಸಾರ (pH) 5.5ಕ್ಕಿಂತ ಕೆಳಗೆ ಬಂದರೆ ಚದರ ಮೀಟರಿಗೆ 100 ಗ್ರಾಂ ಕೃಷಿ ಸುಣ್ಣ ಅಥವಾ ಡಾಲಮೈಟ್, ಅಂದರೆ 600 ಚದರ ಅಡಿಗೆ ಐದೂವರೆ ಕೆ.ಜಿ. ಮೇಲಿನ 15 ಸೆಂ.ಮೀ. ಮಣ್ಣಿಗೆ ಬೆರೆಸಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮೂರು ವಾರದ ಅಂತರವಿರಲಿ. ಪರೀಕ್ಷೆ ಮಾಡಿಸದೆ ಅಂದಾಜಿಗೆ ಸುಣ್ಣ ಎರಚುವುದು ಬೇಡ.

ನೀರು. ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ. ಎರಡನೇ ಸಲ ತಾಸಿಗೆ ಒಂದು ಇಂಚು ಕೂಡ ಇಳಿಯದಿದ್ದರೆ ಆಷಾಢದಲ್ಲಿ ಹುಲ್ಲು ಕೊಳೆಯುವುದು ಗ್ಯಾರಂಟಿ. ಜೆಸಿಬಿ ಓಡಾಡಿದ ನೆಲ ಸಾಮಾನ್ಯವಾಗಿ ಹೀಗೇ ಇರುತ್ತದೆ. ಒದ್ದೆ ಮಣ್ಣಿಗೆ ಸ್ಕ್ರೂಡ್ರೈವರ್ ಒತ್ತಿದರೆ ನಾಲ್ಕು ಇಂಚು ಇಳಿಯದೆ ನಿಲ್ಲುತ್ತದೆ. ಪಿಕಾಸಿಯಲ್ಲಿ ಒಂದು ಅಡಿ ಅಗೆದು ಸಡಿಲಿಸಿ, ಮನೆಯಿಂದ ಹೊರಕ್ಕೆ ಹತ್ತು ಅಡಿಗೆ ಎರಡೂವರೆ ಇಂಚು ಇಳಿಜಾರು ಕೊಟ್ಟು, ಧರೆಯ ಬುಡದುದ್ದಕ್ಕೂ ಒಂದಡಿ ಅಗಲ, ಒಂದೂವರೆ ಅಡಿ ಆಳದ ಬಸಿಗಾಲುವೆ ತೆಗೆಯಬೇಕು. ಒಳಗೆ ತೂತು ಕೊರೆದ ನಾಲ್ಕಿಂಚಿನ ಪೈಪು, ಸುತ್ತ 40 ಮಿ.ಮೀ. ಜಲ್ಲಿ. ಧರೆಯಿಂದ ಒಸರುವ ನೀರು ಹುಲ್ಲಿನ ಅಡಿಗೆ ಬರುವ ಮೊದಲೇ ಅದರಲ್ಲಿ ಹೋಗಿಬಿಡಬೇಕು. ಈ ಒಂದು ಕೆಲಸಕ್ಕೆ ಹಾಕಿದ ದುಡ್ಡು ಮುಂದೆ ಶಿಲೀಂಧ್ರನಾಶಕಕ್ಕೆ ಹಾಕುವ ದುಡ್ಡಿಗಿಂತ ಕಡಿಮೆಯೇ.

ಹುಲ್ಲಿನ ಆಯ್ಕೆಯ ಬಗ್ಗೆ ಎರಡೇ ಮಾತು: ನಾಲ್ಕೈದು ತಾಸು ಬಿಸಿಲು ಸಿಗದ ಜಾಗದಲ್ಲಿ ಮೆಕ್ಸಿಕನ್ ಹುಲ್ಲು ಹಾಕಿ ಒದ್ದಾಡುವುದಕ್ಕಿಂತ, ನರ್ಸರಿಯವರು ಬಫೆಲೋ ಎಂದು ಕೊಡುವ ಅಗಲ ಎಲೆಯದನ್ನು ಹಾಕುವುದು ಜಾಣತನ. ನೋಡಲು ಅಷ್ಟು ನಯವಲ್ಲ, ಮಳೆಗಾಲ ತಡೆಯುತ್ತದೆ.

ಮೇ ಕೊನೆ, ಜೂನ್: ಮುಸ್ಸಂಜೆಯ ದುಂಬಿ

ಅಡ್ಡಮಳೆ ಬಿದ್ದು ನೆಲ ನೆನೆದ ಸಂಜೆಗಳಲ್ಲಿ, ಆರೂಮುಕ್ಕಾಲರಿಂದ ಏಳೂವರೆಯೊಳಗೆ, ಕಂದು ದುಂಬಿಗಳು ನೆಲದಿಂದ ಎದ್ದು ಹಾರುತ್ತವೆ. ಬೇರುಹುಳದ ತಾಯಂದಿರು ಇವೇ. ಬೆಳಿಗ್ಗೆ ಗುಲಾಬಿ, ದಾಸವಾಳದ ಎಲೆಯ ಅಂಚು ಮೇಯ್ದಿದ್ದು, ಹಗಲಲ್ಲಿ ಗಿಡ ಜಾಲಾಡಿದರೂ ಹುಳ ಸಿಗದಿದ್ದರೆ ಇಂಥ ದುಂಬಿಗಳ ಮೇಲೆ ಸಂಶಯ ಪಡಬೇಕು. ಟಾರ್ಚು ಹಿಡಿದು ರಾತ್ರಿ ಎಂಟಕ್ಕೆ ನೋಡಿದರೆ ಎಲೆಯ ಮೇಲೇ ಕೂತಿರುತ್ತವೆ. ಬಲ್ಬಿನ ಕೆಳಗೆ ನೀರು, ಸ್ವಲ್ಪ ಸೀಮೆಎಣ್ಣೆ ಹಾಕಿದ ಬೋಗುಣಿ ಇಟ್ಟರೆ ಕೆಲವು ಜಾತಿ ಬೀಳುತ್ತವೆ. ದೀಪವನ್ನೇ ನಂಬಿ ಕೂರಬಾರದು, ಕೈಯಲ್ಲಿ ಆರಿಸಿ ಸೋಪುನೀರಿಗೆ ಹಾಕುವುದೇ ಖಚಿತ. ಒಂಬತ್ತರ ಮೇಲೆ ದೀಪ ಆರಿಸಿ, ಇಲ್ಲದಿದ್ದರೆ ಬೇಡದ ಪತಂಗಗಳೆಲ್ಲ ಸಾಯುತ್ತವೆ. ಈ ಹದಿನೈದಿಪ್ಪತ್ತು ಸಂಜೆ ಹಿಡಿದ ಒಂದೊಂದು ಹೆಣ್ಣು ದುಂಬಿಯೂ ಸೆಪ್ಟೆಂಬರಿನ ಒಂದು ಹಿಡಿ ಹುಳಕ್ಕೆ ಸಮ.

ಗುಲಾಬಿಯ ಎಲೆಯಂಚಿನಲ್ಲಿ ನಾಣ್ಯವಿಟ್ಟು ಕತ್ತರಿಸಿದಷ್ಟು ಅಚ್ಚುಕಟ್ಟಾದ ದುಂಡು ತೂತು ಕಂಡರೆ ಮಾತ್ರ ಸುಮ್ಮನಿರಿ. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಗೂಡಿಗೆ ಹಾಸಲು ಒಯ್ಯುತ್ತದೆ, ತಿನ್ನುವುದಿಲ್ಲ, ಗಿಡಕ್ಕೆ ಏನೂ ಆಗದು.

ಆರಿದ್ರಾ ಮಳೆಯಿಂದ ಮುಂದೆ: ಬಸವನಹುಳ

ಮಲೆನಾಡಿನ ಹೊಸ ತೋಟಕ್ಕೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಆಫ್ರಿಕಾದ ದೈತ್ಯ ಬಸವನಹುಳ 1847ರಲ್ಲಿ ಕಲ್ಕತ್ತೆಗೆ ತಂದು ಬಿಟ್ಟದ್ದರಿಂದ ದೇಶದಲ್ಲಿ ಹರಡಿತು. ಈಗ ಅಡಿಕೆ ತೋಟ, ಬಾಳೆ ತೋಟ, ನರ್ಸರಿ ಎಲ್ಲ ಕಡೆಯೂ ಇದೆ. ಗುರುತು: ಮೊನಚಾದ ಉದ್ದ ಚಿಪ್ಪು, ಏಳರಿಂದ ಒಂಬತ್ತು ಸುತ್ತು, ತಿಳಿ ಕಂದಿನ ಮೇಲೆ ಗಾಢ ಕಂದು ಉದ್ದ ಪಟ್ಟೆ, ಬೆಳೆದದ್ದು ಏಳೆಂಟು ಸೆಂ.ಮೀ. ಅಥವಾ ಇನ್ನೂ ಹೆಚ್ಚು. ಮರದ ತೊಗಟೆಯ ಮೇಲೆ, ಕಾಡಂಚಿನಲ್ಲಿ ಕಾಣುವ ಚಪ್ಪಟೆ ಚಿಪ್ಪಿನ, ತೆಳು ಹೊಳಪಿನ ಬಸವನಹುಳಗಳು ನಮ್ಮ ಕಾಡಿನವೇ. ಅವನ್ನು ಅವುಗಳ ಪಾಡಿಗೆ ಬಿಡಿ.

ಹುಳ ಕಾಣದಿದ್ದರೂ ಸುಳಿವು ಬೇಕಾದಷ್ಟು ಇರುತ್ತದೆ. ಬೆಳಿಗ್ಗೆ ಎಲೆ, ಮೆಟ್ಟಿಲ ಮೇಲೆ ಒಣಗಿ ಹೊಳೆಯುವ ಸಿಂಬಳದ ಗೆರೆ. ಚೆಂಡುಹೂವಿನ, ಬದನೆಯ ಸಸಿ ರಾತ್ರೋರಾತ್ರಿ ಕಡ್ಡಿ ಮಾತ್ರ. ಇನ್ನೊಂದು ಸುಳಿವನ್ನು ಹೆಚ್ಚಿನವರು ಓದುವುದೇ ಇಲ್ಲ: ಸುಣ್ಣ ಬಳಿದ ಗೋಡೆಯ ಬುಡದಲ್ಲಿ, ಒಂದೆರಡು ಅಡಿ ಎತ್ತರದವರೆಗೆ ಉಜ್ಜಿ ಕೆರೆದ ಅಂಕುಡೊಂಕು ಗುರುತು. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು, ನಮ್ಮ ಹುಳಿ ಮಣ್ಣಲ್ಲಿ ಅದಿಲ್ಲ, ಹಾಗಾಗಿ ಗೋಡೆಯ ಸುಣ್ಣವನ್ನೇ ಕೆರೆದು ತಿನ್ನುತ್ತದೆ.

ಸಿಂಬಳದ ಗೆರೆ ಇಲ್ಲದೆ ಸಸಿ ಮಾಯವಾದರೆ ಬೇರೆಯವರ ಕೆಲಸ. ಸಸಿ ನೆಲಮಟ್ಟದಲ್ಲಿ ತುಂಡಾಗಿ ಪಕ್ಕದಲ್ಲೇ ಬಿದ್ದಿದ್ದರೆ ಸುತ್ತ ಒಂದು ಗೇಣು ಮಣ್ಣು ಕೆದಕಿ. ಮುಟ್ಟಿದರೆ ಸುರುಳಿಯಾಗುವ ಬೂದು ಬಣ್ಣದ ಹುಳ ಎರಡು ಮೂರು ಸೆಂ.ಮೀ. ಒಳಗೇ ಸಿಗುತ್ತದೆ. ತುಂಡಾದದ್ದು ಹತ್ತಿರದ ಬಿಲದ ಬಾಯಿಯವರೆಗೆ ಎಳೆದುಹೋಗಿದ್ದರೆ ಚಿಮ್ಮಂಡೆ. ಎಲೆ ತೂತಾಗಿ ಕೆಳಗೆ ಕಪ್ಪು ಹಿಕ್ಕೆ ಉದುರಿದ್ದರೆ ಕಂಬಳಿಹುಳವೋ ಬೇರೆ ಮರಿಹುಳವೋ ಅಲ್ಲೇ ಎಲೆಯಡಿಯಲ್ಲಿದೆ.

ಬಸವನಹುಳಕ್ಕೆ ಮಾಡುವ ಕೆಲಸ ಹೀಗೆ. ಸಂಜೆ ಐದು ಗಂಟೆಗೆ ಒದ್ದೆ ಅಡಿಕೆ ಹಾಳೆಗಳನ್ನು ಕವುಚಿ, ಅಡಿಯಲ್ಲಿ ಪಪ್ಪಾಯಿ ಎಲೆ ಅಥವಾ ಬಾಳೆಸಿಪ್ಪೆ ಇಟ್ಟು, ಪಾತಿಗಳ ಅಂಚಿನಲ್ಲಿ ಆರೇಳು ಅಡಿಗೆ ಒಂದರಂತೆ ಹಾಕಿ. ಗೋಣಿಚೀಲವೂ ಆಗುತ್ತದೆ, ಆದರೆ ಹಾಳೆ ಮಳೆಗೆ ತಡೆಯುತ್ತದೆ, ಕಾಸು ಖರ್ಚಿಲ್ಲ. ರಾತ್ರಿ ಎಂಟರಿಂದ ಒಂಬತ್ತೂವರೆಗೆ ಟಾರ್ಚಿನಲ್ಲಿ ಒಮ್ಮೆ, ಬೆಳಿಗ್ಗೆ ಬಿಸಿಲೇರುವ ಮೊದಲು ಹಾಳೆ ಎತ್ತಿ ಒಮ್ಮೆ ಆರಿಸಿ. ಕೈಗವಸು ಕಡ್ಡಾಯ. ಈ ಹುಳದಲ್ಲಿ ಮನುಷ್ಯನ ಮೆದುಳಿನ ಪೊರೆಗೆ ತೊಂದರೆ ಕೊಡುವ ಇಲಿಯ ಶ್ವಾಸಕೋಶದ ಜಂತು ಇರಬಹುದು. ಅದೇ ಕಾರಣಕ್ಕೆ ಹಸಿಯಾಗಿ ತಿನ್ನುವ ಸೊಪ್ಪನ್ನು, ಅಂಗಳದ ಒಂದೆಲಗವನ್ನೂ ಸೇರಿಸಿ, ಎಲೆ ಎಲೆ ಬಿಡಿಸಿ ತೊಳೆಯಬೇಕು. ಆರಿಸಿದ್ದನ್ನು ಹತ್ತು ಲೀಟರ್ ನೀರಿಗೆ ಒಂದು ಕೆ.ಜಿ. ಉಪ್ಪು ಹಾಕಿದ ಬಕೆಟ್ಟಿಗೆ ಹಾಕಿ ಮುಚ್ಚಿ, ಸತ್ತ ಮೇಲೆ ಉಪ್ಪುನೀರು ಬಸಿದು ಎರಡಡಿ ಗುಂಡಿಯಲ್ಲಿ ಹೂಳಿ. ಆ ನೀರನ್ನು ತೋಟಕ್ಕೆ ಚೆಲ್ಲಬೇಡಿ. ಹುಳದ ಮೇಲೆ ಪಾತಿಯಲ್ಲೇ ಉಪ್ಪು ಸುರಿಯುವುದೂ ತಪ್ಪು, ಒಂದು ಮಳೆಗಾಲದಲ್ಲಿ ಗಿಡದ ಬೇರೇ ಸುಟ್ಟುಹೋಗುತ್ತದೆ.

ಬಹಳ ಮುಖ್ಯವಾದ ಸಮಯ ಮೊದಲ ಎರಡು ಮೂರು ವಾರ. ಬೇಸಿಗೆಯಿಡೀ ಕಲ್ಲಿನ ಸಂದು, ಸೌದೆ ರಾಶಿ, ಹಾಸುಗಲ್ಲಿನ ಅಡಿ ಬಾಯಿ ಮುಚ್ಚಿ ಮಲಗಿದ್ದ ದೊಡ್ಡವು ಮೊಟ್ಟೆಯಿಡಲು ಹೊರಬರುವುದು ಆಗಲೇ. ಪ್ರತಿ ಹುಳವೂ ಗಂಡೂ ಹೌದು ಹೆಣ್ಣೂ ಹೌದು, ಹಾಗಾಗಿ ಯಾವುದನ್ನೂ ಬಿಟ್ಟರೆ ನಡೆಯುತ್ತದೆ ಎನ್ನುವಂತಿಲ್ಲ. ಹೂಕುಂಡದ ಅಡಿ, ಗೊಬ್ಬರ ಗುಂಡಿಯ ಅಂಚು, ಗೋಡೆ ಬುಡದ ಸಡಿಲ ಮಣ್ಣನ್ನು ವಾರಕ್ಕೊಮ್ಮೆ ಎರಡಿಂಚು ಕೆದಕಿ ಮೊಟ್ಟೆಗೂಡು ತೆಗೆಯಿರಿ.

ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ಕೆಲಸ ಮಾಡುತ್ತದೆ, ಆದರೆ ನಾಯಿ ತಿಂದರೆ ಸಾಯುತ್ತದೆ, ನಮ್ಮ ಮಳೆಗೆ ಒಂದು ರಾತ್ರಿಯೂ ನಿಲ್ಲದೆ ಕರಗುತ್ತದೆ. ಕಬ್ಬಿಣದ ಫಾಸ್ಫೇಟಿನ ಗುಳಿಗೆ ಸಿಕ್ಕರೆ ಅದೇ ವಾಸಿ; ಅದನ್ನೂ ಹಾಳೆಯ ಅಡಿಯಲ್ಲೇ ಇಡಿ. ಸಸಿ ಕಟ್ಟೆಯ, ಕುಂಡದ ಸುತ್ತ ಬೋರ್ಡೋ ಮುಲಾಮು ಬಳಿದರೆ ತಾಮ್ರಕ್ಕೆ ಹೆದರಿ ದಾಟುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಒಂದು ಪ್ರತಿಶತದ ದ್ರಾವಣವಲ್ಲ, ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಹತ್ತು ಲೀಟರ್ ನೀರಿನ ಮುಲಾಮು. ಕೈತೋಟಕ್ಕೆ ಅದರ ಹತ್ತನೇ ಒಂದು ಭಾಗ ಮಾಡಿಕೊಂಡರೆ ಸಾಕು. ಮತ್ತೆ, ಕೆಂಬೂತ ಅಂಗಳಕ್ಕೆ ಬಂದರೆ ಓಡಿಸಬೇಡಿ. ಬಸವನಹುಳ ತಿನ್ನುವ ಹಕ್ಕಿ ಅದು.

ಜುಲೈ, ಆಗಸ್ಟ್: ಹುಲ್ಲು ಹಳದಿ, ಪಾಚಿ, ಅಣಬೆ

ಪುನರ್ವಸು, ಪುಷ್ಯ ಮಳೆಯಲ್ಲಿ ಹುಲ್ಲು ಒಂದೇ ಸಮನೆ ಮಂಕಾಗಿ ಹಳದಿಯಾದರೆ, ಹಳೆ ಎಲೆ ಮೊದಲು ಹಳದಿಯಾಗಿದ್ದರೆ, ಸಾರಜನಕ ತೊಳೆದುಹೋಗಿದೆ, ಬಿಸಿಲೂ ಇಲ್ಲ. ಜಡಿಮಳೆಯಲ್ಲಿ ಯೂರಿಯಾ ಎರಚಿದರೆ ಗದ್ದೆಗೆ ಹೋಗುತ್ತದೆ ಅಷ್ಟೆ. ಮಳೆ ಬಿಡುವು ಕೊಟ್ಟ ಮೇಲೆ ಚದರ ಮೀಟರಿಗೆ ಹತ್ತು ಗ್ರಾಂ, ಎರಡು ಕಂತಿನಲ್ಲಿ. ಈ ಎರಡು ತಿಂಗಳು ಕತ್ತರಿಸುವ ಎತ್ತರವನ್ನು ಏರಿಸಿ, ಬಫೆಲೋ ಐದು ಸೆಂ.ಮೀ. ಇರಲಿ. ಯಾವತ್ತೂ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬೇಡಿ. ಕತ್ತರಿಸಿದ ಮರುದಿನ ತುದಿಯೆಲ್ಲ ಬೆಳ್ಳಗೆ ಸೀಳಿದ್ದರೆ ರೋಗವಲ್ಲ, ಯಂತ್ರದ ಬ್ಲೇಡು ಮೊಂಡು.

ಪಾಚಿ ಬಂದ ಕಡೆ ಮೂರರಲ್ಲಿ ಒಂದು ಇದ್ದೇ ಇರುತ್ತದೆ: ನೆರಳು, ಗಟ್ಟಿ ನೆಲ, ನಿಂತ ನೀರು. ಲೀಟರಿಗೆ ಐದು ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಚದರ ಮೀಟರಿಗೆ ಒಂದು ಲೀಟರಿನಂತೆ ಚಿಮುಕಿಸಿದರೆ ಪಾಚಿ ಕಪ್ಪಾಗಿ ಸಾಯುತ್ತದೆ, ಕುಂಟೆಯಿಂದ ಎಳೆದು ತೆಗೆಯಬಹುದು. ಟೈಲ್ಸು, ಸಿಮೆಂಟು ಮೆಟ್ಟಿಲಿಗೆ ತಾಗಿದರೆ ತುಕ್ಕಿನ ಕಲೆ ಹೋಗುವುದಿಲ್ಲ. ಕಾರಣ ಸರಿಪಡಿಸದಿದ್ದರೆ ಮುಂದಿನ ತಿಂಗಳಿಗೇ ಮತ್ತೆ ಬರುತ್ತದೆ.

ಎಲೆಯ ಮೇಲೆ ಬೂದಿ ಚೆಲ್ಲಿದಂತೆ ಬೂದು ಕಾಳುಕಾಳು ಪದರ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಕೆಳಗಿನ ಎಲೆ ಹಸಿರಾಗೇ ಇದೆ: ಇದು ಲೋಳೆ ಶಿಲೀಂಧ್ರ, ನಿರುಪದ್ರವಿ, ನೀರು ಹಾಯಿಸಿ ತೊಳೆದುಬಿಡಿ. ಅಣಬೆ ಎದ್ದರೆ ಅಡಿಯಲ್ಲಿ ಮರದ ತುಂಡು, ಸೆಂಟ್ರಿಂಗ್ ಹಲಗೆಯ ಚೂರು ಕೊಳೆಯುತ್ತಿದೆ ಎಂದರ್ಥ. ಮಕ್ಕಳಿದ್ದರೆ ಕಿತ್ತೆಸೆಯಿರಿ, ಔಷಧಿ ಬೇಡ. ಸಣ್ಣ ಸಣ್ಣ ಮಣ್ಣಿನ ಗುಪ್ಪೆ ಎರೆಹುಳದ ಹಿಕ್ಕೆ. ಅದನ್ನು ಕೊಲ್ಲಲು ಔಷಧಿ ಕೇಳುವವರಿದ್ದಾರೆ! ಪೊರಕೆಯಲ್ಲಿ ಹರಡಿದರೆ ಅದೇ ಗೊಬ್ಬರ.

ನಿಜಕ್ಕೂ ಹೆದರಬೇಕಾದದ್ದು ಕಂದು ಮಚ್ಚೆ. ದುಂಡಗೆ ಒಂದು ಗೇಣಿನಿಂದ ಒಂದು ಮೀಟರಿನವರೆಗೆ ಹುಲ್ಲು ಕಂದಾಗುತ್ತದೆ, ಬೆಳಗಿನ ಇಬ್ಬನಿಯಲ್ಲಿ ಅದರ ಅಂಚು ಹೊಗೆ ಬಣ್ಣದ ಉಂಗುರದಂತೆ ಕಾಣುತ್ತದೆ, ಎಲೆ ಹಿಡಿದೆಳೆದರೆ ಬುಡ ಕೊಳೆತು ಸಲೀಸಾಗಿ ಬರುತ್ತದೆ. ಬೇರು ಮಾತ್ರ ನೆಲದಲ್ಲೇ ಗಟ್ಟಿ. ಗದ್ದೆಯ ಭತ್ತಕ್ಕೆ ಎಲೆಕವಚ ರೋಗ ತರುವ ಶಿಲೀಂಧ್ರವೇ ಇಲ್ಲೂ. ಸಾರಜನಕ ಪೂರ್ತಿ ನಿಲ್ಲಿಸಿ, ಮೇಲಿನಿಂದ ಗಾಳಿ ಬೆಳಕು ಬರುವಂತೆ ಕೊಂಬೆ ಸವರಿ, ಕತ್ತರಿಸಿದ ಹುಲ್ಲನ್ನು ಹೊರಗೆ ಸಾಗಿಸಿ, ಮಚ್ಚೆಯಿರುವ ಜಾಗವನ್ನು ಕೊನೆಯಲ್ಲಿ ಕತ್ತರಿಸಿ ಬ್ಲೇಡು ತೊಳೆಯಿರಿ. ನಡುವೆ ಸತ್ತು ಸುತ್ತ ಗಾಢ ಹಸಿರು ಉಂಗುರವಿದ್ದರೆ ಮಾತ್ರ ಅದು ನಾಯಿಯ ಮೂತ್ರ.

ಉಂಬಳದ (ನೆಲದ ಜಿಗಣೆಯ) ದೂರು ಈ ಕಾಲದಲ್ಲಿ ತಪ್ಪಿದ್ದಲ್ಲ. ಅದು ತೋಟದ ಕೀಟವಲ್ಲ, ಆದರೆ ಹುಲ್ಲು ಗಿಡ್ಡವಾಗಿ, ದಾರಿಯ ಅಂಚಿನ ದರಗು ತೆಗೆದಿದ್ದರೆ ಕಡಿಮೆಯಾಗುತ್ತದೆ.

ಸೆಪ್ಟೆಂಬರ್: ಬೇರುಹುಳ

ಮಳೆ ಇಳಿದ ಮೇಲೆ ನೀರಿದ್ದರೂ ಹುಲ್ಲು ಅಲ್ಲಲ್ಲಿ ಒಣಗಿದಂತೆ ಕಂಡರೆ ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ಬೇರಿಲ್ಲದೆ ಚಾಪೆ ಸುತ್ತಿದಂತೆ ಎದ್ದು ಬಂದರೆ ಬೇರುಹುಳ. ಕಂದು ಮಚ್ಚೆ ರೋಗಕ್ಕೂ ಇದಕ್ಕೂ ವ್ಯತ್ಯಾಸ ಇದೇ: ಅಲ್ಲಿ ಎಲೆ ಕಿತ್ತು ಬರುತ್ತದೆ, ಇಲ್ಲಿ ಇಡೀ ಪದರ. ಮಚ್ಚೆಯ ನಡುವೆ ಅಲ್ಲ, ಹಸಿರು ಮತ್ತು ಕಂದು ಸೇರುವ ಅಂಚಿನಲ್ಲಿ ಒಂದಡಿ ಚೌಕ, ನಾಲ್ಕಿಂಚು ಆಳ ಅಗೆದು ಎಣಿಸಿ. ಒಂದೆರಡು ಇದ್ದರೆ ಆರೋಗ್ಯದ ಹುಲ್ಲು ತಾಳಿಕೊಳ್ಳುತ್ತದೆ. ಐದು ದಾಟಿದರೆ ಕೆಲಸ ಮಾಡಬೇಕು. ಗೊರವಂಕ, ಕಾಗೆ ಒಂದೇ ಜಾಗದಲ್ಲಿ ಕೊಕ್ಕಿನಿಂದ ಕುಟ್ಟುತ್ತಿದ್ದರೆ, ಬೆಳಗಾಗುವುದರೊಳಗೆ ಕಾಡುಹಂದಿ ಹುಲ್ಲುಹಾಸನ್ನು ಉತ್ತಿಟ್ಟಿದ್ದರೆ, ಎಣಿಸುವ ಮೊದಲೇ ಉತ್ತರ ಸಿಕ್ಕಿತು. ಬೇಲಿ ಹಾಕಿದರೂ ಹುಳ ಇರುವವರೆಗೆ ಹಂದಿ ಮತ್ತೆ ಪ್ರಯತ್ನಿಸುತ್ತದೆ.

ಸೋಪು ಪರೀಕ್ಷೆ ಇದಕ್ಕೆ ಕೆಲಸಕ್ಕೆ ಬಾರದು. ಐದು ಲೀಟರ್ ನೀರಿಗೆ 30 ಮಿ.ಲೀ. ದ್ರವ ಸೋಪು ಹಾಕಿ ಒಂದು ಚದರ ಮೀಟರಿಗೆ ಸುರಿದರೆ ಹತ್ತು ನಿಮಿಷದಲ್ಲಿ ಹುಲ್ಲು ತಿನ್ನುವ ಮರಿಹುಳ, ಮಣ್ಣು ಕೊರೆಯುವ ಚಿಮ್ಮಂಡೆ ಮೇಲೆ ಬರುತ್ತವೆ. ಬೇರುಹುಳ ಬರುವುದಿಲ್ಲ. ಅಗೆದೇ ನೋಡಬೇಕು.

ಉಪಾಯ: ಹುಳಕ್ಕೆ ರೋಗ ತರುವ ಶಿಲೀಂಧ್ರವಾದ ಮೆಟಾರೈಜಿಯಂನ ಪುಡಿ 100 ಗ್ರಾಂ ಐದು ಕೆ.ಜಿ. ಕಳಿತ ಗೊಬ್ಬರದಲ್ಲಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಒಂದು ವಾರ ಇಟ್ಟು, 600 ಚದರ ಅಡಿಗೆ ಸಂಜೆ ಎರಚಿ ನೀರು ಹಾಯಿಸಿ. ಹುಳ ಸಣ್ಣದಿರುವಾಗ, ಅಂದರೆ ಜುಲೈ ಆಗಸ್ಟಿನಲ್ಲಿ ಹಾಕಿದರೆ ಪರಿಣಾಮ ಹೆಚ್ಚು. ಸೆಪ್ಟೆಂಬರಿಗೆ ದಪ್ಪವಾದವು ಸುಲಭಕ್ಕೆ ಸಾಯವು, ಅವುಗಳಿಗೆ ಅಗೆದು ಆರಿಸುವುದೇ ಗತಿ. ಕೀಟ ಕೊಲ್ಲುವ ದುಂಡುಜಂತುಗಳ ಪುಡಿ ಸಿಕ್ಕರೆ ಅದನ್ನೂ ಮಣ್ಣು ಒದ್ದೆಯಿರುವಾಗ ಸಂಜೆಯೇ ಕೊಡಬೇಕು, ಬಿಸಿಲು ಕಂಡರೆ ಸಾಯುತ್ತವೆ. ಶಿಲೀಂಧ್ರನಾಶಕ ಸುರಿದ ಜಾಗಕ್ಕೆ ಮೆಟಾರೈಜಿಯಂ ಹಾಕುವುದು ದುಡ್ಡು ನೀರಿಗೆ ಹಾಕಿದಂತೆ, ಅದೂ ಒಂದು ಶಿಲೀಂಧ್ರವೇ. ಮೊದಲೆಲ್ಲ ಅಡಿಕೆ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಇನ್ನೂ ಯಾರದ್ದಾದರೂ ಅಟ್ಟದಲ್ಲಿ ಉಳಿದಿರಬಹುದು. ಅದು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧಿತ, ಮಕ್ಕಳು ಆಡುವ ಹುಲ್ಲಿಗಂತೂ ಯಾವತ್ತೂ ಸಲ್ಲದು.

ಬೋಳಾದ ಜಾಗಕ್ಕೆ ಚದರ ಮೀಟರಿಗೆ 100 ಗ್ರಾಂ ಬೇವಿನ ಹಿಂಡಿ ಬೆರೆಸಿ, ಅಕ್ಟೋಬರ್ ಮೊದಲ ವಾರದೊಳಗೆ ಹುಲ್ಲಿನ ತುಂಡು ಊರಿದರೆ ಚಳಿಗೆ ಮೊದಲು ಬೇರು ಹಿಡಿಯುತ್ತದೆ.

ಅಕ್ಟೋಬರ್ ನಂತರ: ಹಿತ್ತಲು

ತರಕಾರಿಯಲ್ಲಿ ಮಿತ್ರನನ್ನು ಶತ್ರುವೆಂದು ಕೊಲ್ಲುವ ತಪ್ಪು ಹೆಚ್ಚಾಗಿ ನಡೆಯುವುದು ಈಗ. ಬದನೆ ಎಲೆಯ ಹಸಿರು ಕೆರೆದು ಬಲೆಯಂತೆ ನರ ಮಾತ್ರ ಉಳಿದಿದ್ದರೆ ಅಲ್ಲಿ ಕೂತಿರುವ ಚುಕ್ಕೆ ದುಂಬಿ ಶತ್ರು: ಮೈ ಮಂಕು, ಸಣ್ಣ ರೋಮ, ಸಾಮಾನ್ಯವಾಗಿ 28 ಚುಕ್ಕೆ, ಮರಿಗೆ ಹಳದಿ ಮೈ ತುಂಬ ಮುಳ್ಳು. ಅಲಸಂದೆಯ ಕುಡಿಯಲ್ಲಿ ಸಸ್ಯಹೇನಿನ ನಡುವೆ ಓಡಾಡುವ, ನುಣುಪಾಗಿ ಹೊಳೆಯುವ ಗುಲಗಂಜಿ ದುಂಬಿ ಮಿತ್ರ. ಚುಕ್ಕೆ ಎಣಿಸುವುದಕ್ಕಿಂತ ಹೊಳಪು ನೋಡುವುದು ಸುಲಭ.

ದಾಸವಾಳ, ಸೀಬೆ, ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆಯಲ್ಲೂ ಇದೇ ಗೊಂದಲ. ಗುಂಪಿನ ನಡುವೆ ಮಿಕ್ಕವಕ್ಕಿಂತ ದೊಡ್ಡದಾಗಿ, ಉದ್ದುದ್ದ ಬಿಳಿ ಮೇಣದ ಎಳೆ ಹೊತ್ತು, ಮುಟ್ಟಿದರೆ ಚುರುಕಾಗಿ ಓಡುವುದು ತಿಗಣೆಯಲ್ಲ. 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿದ, ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ದುಂಬಿಯ ಮರಿ. ಪಪ್ಪಾಯಿ ತಿಗಣೆ 2008ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಂಡಿತು, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ಬಿಟ್ಟ ಒಂದು ಪುಟ್ಟ ಕಣಜ ಅದನ್ನು ಹತೋಟಿಗೆ ತಂದಿತು. ಒಣಗಿ ಉಬ್ಬಿದ, ತೂತಾದ ತಿಗಣೆಗಳು ಕಂಡರೆ ಕಣಜ ನಿಮ್ಮ ಹಿತ್ತಲಲ್ಲೂ ಕೆಲಸದಲ್ಲಿದೆ, ಸಿಂಪರಣೆ ಬೇಡ. ಇಲ್ಲದಿದ್ದರೆ ಮೊದಲು ಇರುವೆಯ ದಾರಿ ಕಡಿಯಿರಿ, ಕಾಂಡಕ್ಕೆ ಅಂಟು ಪಟ್ಟಿ ಸುತ್ತಿ. ಸಿಹಿ ಅಂಟಿಗಾಗಿ ತಿಗಣೆಯನ್ನು ಕಾಯುವುದು ಇರುವೆಯೇ. ನಂತರ ಒಂದು ಲೀಟರಿಗೆ ಐದು ಮಿ.ಲೀ. ಬೇವಿನೆಣ್ಣೆ. ಎಣ್ಣೆಯನ್ನು ಮೊದಲು ಒಂದೆರಡು ಮಿ.ಲೀ. ಸೋಪಿನಲ್ಲಿ ಕಲಸಿ, ಆಮೇಲೆ ನೀರು ಹೊಯ್ಯಬೇಕು, ಇಲ್ಲದಿದ್ದರೆ ತೇಲುತ್ತದೆ. ಸಂಜೆ, ಎಲೆಯ ಅಡಿಗೆ ತಾಗುವ ಹಾಗೆ. ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟಿದ ಚಗಳಿ ಇರುವೆಯನ್ನು ಮಾತ್ರ ಸುಡಬೇಡಿ. ಕಚ್ಚುತ್ತದೆ ನಿಜ, ಅಲ್ಲೊಂದಿಷ್ಟು ತಿಗಣೆಯನ್ನೂ ಸಾಕುತ್ತದೆ, ಆದರೆ ಮರಿಹುಳಗಳನ್ನು ಅದರಷ್ಟು ಬೇಟೆಯಾಡುವ ಬೇರೆ ಜೀವಿ ಹಿತ್ತಲಲ್ಲಿಲ್ಲ. ಚಟ್ನಿ ಮಾಡುವವರಿದ್ದರೆ ಬೇರೆ ಮಾತು.

ನಿಂಬೆ, ಕರಿಬೇವಿನ ಎಳೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿ. ಸಣ್ಣ ಗಿಡವಾದರೆ ಆರಿಸಿ ಬೇರೆ ಕಡೆ ಬಿಡಿ, ದೊಡ್ಡದಾದರೆ ಬಿಟ್ಟುಬಿಡಿ. ಎಲೆಯ ಒಳಗೆ ಬಿಳಿ ಅಂಕುಡೊಂಕು ಗೆರೆ ರಂಗೋಲಿ ಹುಳ, ಆ ಎಲೆ ಚಿವುಟಿದರೆ ಸಾಕು. ಹಾಗಲ, ಸೌತೆ ಸೊಟ್ಟಗಾಗಿ ಚುಚ್ಚಿದ ಜಾಗದಲ್ಲಿ ಅಂಟು ಒಸರಿದರೆ ಹಣ್ಣುನೊಣ: ಬಳ್ಳಿ ತರಕಾರಿಗೆ ಕ್ಯೂಲೂರ್ ಬಲೆ, ಮಾವು ಸೀಬೆಗೆ ಮೀಥೈಲ್ ಯೂಜಿನಾಲ್ ಬಲೆ. ಅದಲುಬದಲಾದರೆ ಒಂದು ನೊಣವೂ ಬೀಳದು. ಬಿದ್ದ ಹಣ್ಣು, ಕಾಯಿಯನ್ನು ಗೊಬ್ಬರ ಗುಂಡಿಗೆ ಹಾಕದೆ ಎರಡಡಿ ಆಳದಲ್ಲಿ ಹೂಳಿ.

ಜನವರಿಯಿಂದ: ಒಣ ಕಾಲದವು

ಇಬ್ಬನಿ ಕಳೆದು ಬಿಸಿಲು ಚುರುಕಾದ ಮೇಲೆ ರಸ ಹೀರುವವುಗಳ ಸರದಿ. ಗುಲಾಬಿ ಮೊಗ್ಗಿನ ಅಂಚು ಕಂದಾಗಿ ಅರಳದೆ ನಿಂತರೆ, ಮೊಗ್ಗನ್ನು ಬಿಳಿ ಹಾಳೆಯ ಮೇಲೆ ತಟ್ಟಿ. ಓಡಾಡುವ ಕಡ್ಡಿಯಂಥ ಸಣ್ಣ ಹುಳ ಥ್ರಿಪ್ಸ್. ಎಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಅಡಿಯಲ್ಲಿ ತೆಳು ಬಲೆ ಇದ್ದರೆ ಕೆಂಪು ನುಸಿ. ಹಾಳೆಯ ಮೇಲೆ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ನುಸಿಗೆ ಕೀಟನಾಶಕ ಹೊಡೆದರೆ ಅದನ್ನು ತಿನ್ನುವವು ಸತ್ತು ನುಸಿ ಇನ್ನೂ ಹೆಚ್ಚುತ್ತದೆ. ಪೈಪಿನ ಜೋರು ನೀರನ್ನು ಎಲೆಯ ಅಡಿಗೆ ಮೂರು ದಿನಕ್ಕೊಮ್ಮೆ ಹಾಯಿಸಿ.

ತೆಂಗಿನ ಕೆಳಗಿನ ಗಿಡಗಳ ಎಲೆಯೆಲ್ಲ ಮಸಿ ಬಳಿದಂತೆ ಕಪ್ಪಾಗಿದ್ದರೆ ತಲೆಯೆತ್ತಿ ತೆಂಗಿನ ಗರಿಯ ಅಡಿ ನೋಡಿ. ಸುರುಳಿಯಾಕಾರದಲ್ಲಿ ಬಿಳಿ ಮೇಣದ ಮೊಟ್ಟೆ ಸಾಲು ಇದ್ದರೆ, 2016ರಲ್ಲಿ ಮೊದಲು ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಂಡ ಸುರುಳಿ ಬಿಳಿನೊಣ. ಮಸಿ ಬೆಳೆದದ್ದು ಅದರ ಅಂಟಿನ ಮೇಲೆ. ಕೆಳಗಿನ ಗಿಡಕ್ಕೆ ರೋಗವಿಲ್ಲ, ಔಷಧಿಯೂ ಬೇಡ.

ಹುಲ್ಲಿನಲ್ಲಿ ಈಗ ಕಾಣುವ ಒಣ ಮಚ್ಚೆಗೆ ಕಾರಣ ಎರಡು. ನಡೆದ ಹೆಜ್ಜೆಗುರುತು ಹಾಗೇ ಉಳಿದರೆ ನೀರು ಸಾಲದು. ಒಣ ಹುಲ್ಲಿನ ಮೇಲೆ ತೆಳು ಮಣ್ಣಿನ ಪದರ ಕಟ್ಟಿದ್ದರೆ ಗೆದ್ದಲು. ಅದು ಹೆಚ್ಚಾಗಿ ತಿನ್ನುವುದು ಸತ್ತ ಹುಲ್ಲನ್ನೇ. ಅಡಿಯಲ್ಲಿ ಹೂತ ಸೆಂಟ್ರಿಂಗ್ ಮರ, ಅಡಿಕೆ ದಬ್ಬೆ ಇದೆಯೇ ಎಂದು ಅಗೆದು ತೆಗೆದು, ವಾರಕ್ಕೆರಡು ಸಲ ಆಳಕ್ಕೆ ನೀರು ಕೊಟ್ಟರೆ ದೂರವಾಗುತ್ತದೆ.

ಇಷ್ಟೆಲ್ಲ ನೋಡಿದರೂ ಗುರುತು ಸಿಗದ ಹುಳವನ್ನು ಸಣ್ಣ ಬಾಟಲಿಯಲ್ಲಿ, ಹಾನಿಯಾದ ಎಲೆಯನ್ನು ಕಾಗದದ ನಡುವೆ ಒಣದಾಗಿ ಇಟ್ಟು, ಕಂಡ ದಿನಾಂಕ ಬರೆದು ಶಿವಮೊಗ್ಗದ ನವಿಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಸಿ ಎಲೆ ಕಟ್ಟಿ ಒಯ್ದರೆ ಬಸ್ಸಿನಲ್ಲೇ ಕೊಳೆತು ಯಾರಿಗೂ ಗುರುತು ಸಿಗುವುದಿಲ್ಲ.